ಎರಡು ಮನೆಗೊಂದು ಸ್ಟೀರಿಯೋ

೨೦ ಆಗಸ್ಟ್ ೧೯೭೮, ಭಾನುವಾರ

ಇವತ್ತು ಬರೆಯದೆ ಇದ್ದರೆ ನನ್ನ ಹೊಟ್ಟೆ ಒಡೆದುಹೋಗುತ್ತದೆ. ನಮ್ಮವರ ಹಿಟ್ಟಿನ ಮಿಲ್ಲಿಗೆ ಹೊಸ ವರ್ಷಕ್ಕೆ ಯಾರೋ ಕೊಟ್ಟ ಡೈರಿ ಇದು. ಜನವರಿಯಿಂದ ಇದರಲ್ಲಿ ಒಂದಕ್ಷರ ಬಿದ್ದಿಲ್ಲ. ಈ ಮನೆಗೆ ಬಂದ ಸೊಸೆಯರಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವಳು ನಾನೊಬ್ಬಳೇ, ಗಂಗಲಕ್ಷ್ಮಮ್ಮ. ನಾನಲ್ಲದೆ ಇನ್ಯಾರು ಬರೆಯಬೇಕು?

ನಮ್ಮ ಮನೆಗೆ ಸ್ಟೀರಿಯೋ ಬಂತು! ಜಪಾನಿನದು. ಕುರುಬರಹಳ್ಳಿಯ ಮಾತು ಹಾಗಿರಲಿ, ರಾಜಾಜಿನಗರದ ಮಹಡಿ ಮನೆಗಳಲ್ಲೂ ಇಂಥದ್ದು ಇದ್ದಂತಿಲ್ಲ. ನಾದಿನಿ ನರಸಮ್ಮನ ಗಂಡ ಕೃಷ್ಣಯ್ಯನವರನ್ನು ಫ್ಯಾಕ್ಟರಿಯವರು ಟ್ರೇನಿಂಗಿಗೆಂದು ಜಪಾನಿಗೆ ಕಳಿಸಿದ್ದರು. ಬರುವಾಗ ಇದನ್ನು ತಂದಿದ್ದಾರೆ, ಜೊತೆಗೆ ಇಲ್ಲಿ ಕೊಂಡ ಒಂದಷ್ಟು ಹಾಡಿನ ಪ್ಲೇಟುಗಳೂ ಇವೆ. ಮೇಲುಗಡೆ ಹಾಡಿನ ಪ್ಲೇಟು ತಿರುಗುವ ತಟ್ಟೆ, ಅದರ ಹೊಟ್ಟೆಯೊಳಗೇ ರೇಡಿಯೋ, ಮುಂದೆ ಬೆಳ್ಳಿಯ ಹಾಗೆ ಹೊಳೆಯುವ ತಿರುಪುಗಳು, ಧೂಳು ಬೀಳದಂತೆ ಗಾಜಿನಂಥ ಮುಚ್ಚಳ. ಹಾಡು ಬರುವುದು ಮಾತ್ರ ಆ ಮಿಷನ್ನಿನಿಂದಲ್ಲ, ಬೇರೆ ಎರಡು ಮರದ ಸ್ಪೀಕರ್ ಡಬ್ಬಗಳಿಂದ. ನಾನು ಸೆರಗಿನಿಂದ ಒರೆಸಿ ಒರೆಸಿ ನೋಡಿದೆ. ಅದರಲ್ಲಿ ನನ್ನ ಮುಖವೇ ಕಾಣುತ್ತಿತ್ತು.

"ನಮ್ಮ ಕ್ವಾರ್ಟರ್ಸಲ್ಲಿ ಇದನ್ನ ಇಟ್ರೆ ನಾವು ಆಚೆ ಮಲಗ್ಬೇಕು," ಎಂದು ಕೃಷ್ಣಯ್ಯನವರು ನಕ್ಕರು. ನರಸಮ್ಮ ಕಣ್ಣಲ್ಲಿ ನೀರು ಹಾಕಿಕೊಂಡು, "ಅಣ್ಣಂದಿರಿಬ್ರೂ ಸೇರಿ ನನ್ನ ಮದುವೆ ಮಾಡಿದ್ರಿ. ಇದು ಇಬ್ರಿಗೂ ಸೇರಿದ್ದು. ಒಟ್ಟಿಗೆ ಕೂತು ಕೇಳಿ," ಅಂದಳು.

ಒಟ್ಟಿಗೆಯಂತೆ ಒಟ್ಟಿಗೆ! ನಡುಮನೆಯ ಮಧ್ಯಕ್ಕೆ ಗೋಡೆ ಎದ್ದು ಎರಡು ವರ್ಷವಾಯಿತು. ಈಚೆಗೆ ನಾವು, ಆಚೆಗೆ ಮೈದುನ ಬೆಟ್ಟಯ್ಯ ಮತ್ತು ಅವನ ಹೆಂಡತಿ. ಅವಳ ಹೆಸರು ಬರೆದು ಶಾಯಿ ದಂಡ ಮಾಡಲಾರೆ. ಆ ಕಡೆಯವಳು ಅಂದರೆ ಸಾಕು. ಒಂದು ಕಾಲದಲ್ಲಿ ಮದುವೆ ಮನೆಗಳಲ್ಲಿ ಸೋಬಾನೆ ಹಾಡಲು ನಮ್ಮಿಬ್ಬರನ್ನು ನಾಗರಬಾವಿಯಿಂದ ಕೆಂಗೇರಿಯವರೆಗೂ ಕರೆಯುತ್ತಿದ್ದರು. ಪದ ಎತ್ತುವವಳು ನಾನು. ಅವಳು ನನ್ನ ಸಾಲು ಹಿಡಿದು ಹಿಂದಿನಿಂದ ಸೊಲ್ಲು ಕೊಡುವವಳು, ಅಷ್ಟೇ. ನಾಗರಬಾವಿಯ ಮದುವೆಯೊಂದರಲ್ಲಿ ಇಬ್ಬರ ಮಡಿಲಿಗೂ ಒಂದೇ ಥರದ ಸೀರೆ ಹಾಕಿದರು. "ನನಗೂ ಒಂದೇ, ಗಿಣಿಗೂ ಒಂದೇನಾ?" ಅಂದೆ. ಇದ್ದದ್ದು ಇದ್ದ ಹಾಗೆ ಅಂದೆ. ಅದಕ್ಕೆ ಅವಳು ನೆಲ ನೆನೆಯುವ ಹಾಗೆ ಅತ್ತಳು. ಮೊದಲು ಮಾತು ಬಿಟ್ಟಿತು, ಆಮೇಲೆ ಒಲೆ ಬೇರೆಯಾಯಿತು, ಆಮೇಲೆ ಗೋಡೆ ಬಂತು.

ಹೊಲ, ಹಸು, ತಾಮ್ರದ ಹಂಡೆ, ಅತ್ತೆ, ಎಲ್ಲವನ್ನೂ ಪಾಲು ಮಾಡಿದ ಕೆಂಚಪ್ಪ ದೊಡ್ಡಪ್ಪನವರನ್ನೇ ಇವತ್ತೂ ಕರೆಸಿದೆವು. (ಅತ್ತೆ ಅಕ್ಕಯ್ಯಮ್ಮ ಒಂದು ತಿಂಗಳು ನಮ್ಮಲ್ಲಿ, ಒಂದು ತಿಂಗಳು ಆ ಕಡೆ.) ದೊಡ್ಡಪ್ಪ ಸ್ಟೀರಿಯೋವನ್ನು ಸುತ್ತು ಹಾಕಿ ನೋಡಿ, ಮೀಸೆ ತೀಡಿಕೊಂಡು ತೀರ್ಪು ಕೊಟ್ಟರು. "ಡಬ್ಬ ಎಲ್ಡವೆ, ಮನೆ ಎಲ್ಡವೆ. ದೇವ್ರೇ ಲೆಕ್ಕ ಮಾಡಿ ಕಳಿಸವ್ನೆ. ಮನೆಗೊಂದು ಡಬ್ಬ. ಮಿಷನ್ನು ದೊಡ್ಡೋನ್ಗೆ, ಪ್ಲೇಟೆಲ್ಲ ಚಿಕ್ಕೋನ್ಗೆ. ಗ್ವಾಡೆಗೆ ತೂತು ಹೊಡ್ದು ವೈರ್ ಎಳ್ಕಳಿ."

"ಅದು ಹಂಗಲ್ಲ ದೊಡ್ಡಪ್ಪ, ಎರಡೂ ಒಂದೇ ರೂಮಲ್ಲಿ..." ಎಂದು ಕೃಷ್ಣಯ್ಯನವರು ಬಾಯಿ ತೆಗೆದರು.

"ನೀನು ಸುಮ್ಕಿರಪ್ಪ. ಪಾಲಿನ ವಿಸ್ಯ ಜಪಾನ್‌ನೋರಿಗೆ ಏನ್ ಗೊತ್ತು?"

ಮಿಷನ್ನು ನಮಗೆ! ಪ್ಲೇಟು ಯಾವಾಗ ಬೇಕಾದರೂ ಕೊಂಡುಕೊಳ್ಳಬಹುದು. ನಾನು ಎಲ್ಲರಿಗೂ ಕೇಳಿಸುವ ಹಾಗೆ, "ದೊಡ್ಡಪ್ಪ, ಪಾಯಸ ಕುಡಿದೇ ಹೋಗಬೇಕು," ಅಂದೆ.

೨೭ ಆಗಸ್ಟ್

ಇವತ್ತು ಜೋಡಿಸಿದರು. ಜಪಾನಿನ ಕರೆಂಟು ತೆಳುವಂತೆ, ನಮ್ಮದು ಗಟ್ಟಿಯಂತೆ. ಅದನ್ನು ಇಳಿಸಲು ಒಂದು ಟ್ರಾನ್ಸ್‌ಫಾರ್ಮರ್ ಬೇಕಂತೆ. ರುಬ್ಬುವ ಗುಂಡಿನಷ್ಟು ಭಾರ ಇದೆ. ಗಾರೆಯವನು ಬಂದು ಗೋಡೆಯ ಮೇಲ್ಗಡೆ ತೂತು ಕೊರೆದ. ಪುಡಿಯೆಲ್ಲ ನಮ್ಮ ಕಡೆಗೇ ಬಿತ್ತು, ಬೀಳಲಿ. ಮಿಷನ್ನಿಗೆ ಅರಿಶಿನ ಕುಂಕುಮ ಇಟ್ಟು, ಮಲ್ಲಿಗೆ ಮುಡಿಸಿ, ಮಂಗಳಾರತಿ ಎತ್ತಿದೆ. ನಮ್ಮವರು, ಮಗಳು ಪಂಕಜ, ಬೀದಿಯವರು ಎಲ್ಲ ನಿಂತಿದ್ದರು.

ಪ್ಲೇಟುಗಳು ಆ ಕಡೆ ಇವೆಯಲ್ಲ, ಒಂದೊಂದಾಗಿ ತರಲು ಅತ್ತೆ ಒಪ್ಪಿಕೊಂಡರು. ಎರಡು ಮನೆಯ ಬಾಗಿಲೂ ತೆರೆಯುವುದು ಒಂದೇ ಜಗಲಿಗೆ. ಅದನ್ನು ಮಾತ್ರ ಯಾರೂ ಪಾಲು ಮಾಡಿಲ್ಲ, ದೊಡ್ಡಪ್ಪ ಮರೆತರೋ ಏನೋ. ಅತ್ತೆ ಪ್ಲೇಟನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಬಾಣಂತಿ ಮಗುವನ್ನು ತರುವ ಹಾಗೆ ತಂದುಕೊಟ್ಟರು.

ಮೊದಲು ಹಾಕಿದ್ದು ಜಪಾನಿನವರೇ ಜೊತೆಗೆ ಕೊಟ್ಟ ಪ್ಲೇಟು. ಅದರಲ್ಲಿ ಹಾಡಿಲ್ಲ, ರೈಲು! ದೂರದಲ್ಲಿ ಕೂಗಿ, ದಡಬಡ ದಡಬಡ ಎಂದು ಹತ್ತಿರ ಬಂದು, ನಡುಮನೆಗೇ ನುಗ್ಗುವ ಹಾಗೆ ಬಂತು. ನಮ್ಮವರು ಕುರ್ಚಿಯಿಂದ ಎದ್ದೇಬಿಟ್ಟರು. ಆದರೆ ಬಂದ ರೈಲು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಸದ್ದು ಹಾಗೇ ಕರಗಿತು. ಆಮೇಲೆ ಬೆಟ್ಟಯ್ಯ ಬೀದಿಯಲ್ಲಿ ಹೇಳುತ್ತಿದ್ದ, ಅವರ ಮನೆಯಿಂದ ರೈಲು ಹೊರಟು ಹೋಯಿತಂತೆ, ಬಂದದ್ದು ಮಾತ್ರ ಗೊತ್ತಾಗಲಿಲ್ಲವಂತೆ. ನಮ್ಮ ಮನೆಗೆ ಬರುವುದು, ಅವರ ಮನೆಯಿಂದ ಹೋಗುವುದು. ಲಕ್ಷಣ ಯಾವ ಮನೆಗಿದೆ ಎಂದು ಇದರಲ್ಲೇ ಗೊತ್ತಾಗುತ್ತದೆ.

ಜಗಲಿಯ ಮೇಲೆ ಕೂತಿದ್ದ ಅತ್ತೆ ಮಾತ್ರ, "ರೈಲು ನನ್ ಮುಂದ್ಗಡೆನೇ ಹಾದು ಓಯ್ತು ಕಣೇ, ಈ ಕಡೆಯಿಂದ ಬಂದು ಆ ಕಡೆಗೆ," ಅಂದರು. ಪಾಪ, ವಯಸ್ಸಾಯಿತು.

೩ ಸೆಪ್ಟೆಂಬರ್

ಮಿಷನ್ನಿನ ಮೇಲೆ ಬ್ಯಾಲೆನ್ಸ್ ಎಂಬ ತಿರುಪು ಇದೆ. ಅದನ್ನು ಈ ಕಡೆಗೆ ತಿರುಗಿಸಿದರೆ ಸದ್ದೆಲ್ಲ ನಮ್ಮ ಡಬ್ಬಕ್ಕೇ ಬರುತ್ತದೆ, ಆ ಕಡೆಯ ಡಬ್ಬ ಮೂಕ. ಇವತ್ತು ಗೊತ್ತಾಯಿತು. ಇವತ್ತೇ ತಿರುಗಿಸಿದೆ.

೪ ಸೆಪ್ಟೆಂಬರ್

ಅತ್ತೆ ಬರಿಗೈಯಲ್ಲಿ ಬಂದರು. "ಪ್ಲೇಟು ಕೊಡಾಕಿಲ್ವಂತೆ," ಅಂದರು. ಎಷ್ಟು ಸೊಕ್ಕು ನೋಡಿ ಅವಳಿಗೆ!

೯ ಸೆಪ್ಟೆಂಬರ್

ಬರೀ ರೇಡಿಯೋ ಕೇಳಿ ಕೇಳಿ ಬೇಜಾರು. ತಿರುಪನ್ನು ನಡುವಿಗೆ ತಂದಿಟ್ಟೆ. ಮಧ್ಯಾಹ್ನದ ಹೊತ್ತಿಗೆ ಪ್ಲೇಟು ಬಂತು. ಸೋತೆ ಎಂದೇನೂ ಅಲ್ಲ, ತಿರುಪು ನಡುವೆ ಇದ್ದರೆ ಮಿಷನ್ನಿಗೆ ಒಳ್ಳೆಯದಂತೆ.

೧೨ ಅಕ್ಟೋಬರ್

ಆಯುಧಪೂಜೆಗೆ ಮಿಲ್ಲಿಗಿಂತ ದೊಡ್ಡ ಹಾರ ಸ್ಟೀರಿಯೋಗೆ ಹಾಕಿದ್ದೆವು. ಬಸವೇಶ್ವರನಗರದಿಂದೆಲ್ಲ ಜನ ನೋಡಲು ಬಂದಿದ್ದರು. ಚಪ್ಪಲಿ ಹೊರಗೆ ಬಿಟ್ಟು, ಕೈಕಟ್ಟಿಕೊಂಡು ಕೇಳಿದರು. ಒಬ್ಬೊಬ್ಬರೂ ಹೋಗುವಾಗ, "ಪುಣ್ಯವಂತ್ರು ಕಣಮ್ಮ ನೀವು," ಅಂದರು. ನಾನು ಏನೂ ಆಗದವಳ ಹಾಗೆ, "ಏನೋ, ನಮ್ಮ ನಾದಿನಿ ಪ್ರೀತಿಯಿಂದ ಕೊಟ್ಟಿದ್ದು," ಅಂದೆ. ಒಳಗೆ ಬಂದು ಕನ್ನಡಿ ನೋಡಿಕೊಂಡೆ.

ಜೋಡಿ ಹಾಡು ಹಾಕಿದಾಗ ಮಾತ್ರ ಸ್ವಲ್ಪ ಇರಿಸುಮುರುಸು. ಗಂಡಸು ಹಾಡುತ್ತಾನೆ, ಆಮೇಲೆ ಬರೀ ತಬಲ. ಅವನು ಏನೋ ಕೇಳುತ್ತಾನೆ, ಯಾರೂ ಉತ್ತರ ಕೊಡುವುದಿಲ್ಲ. ಹೆಂಗಸಿನ ದನಿ ಆ ಕಡೆಯ ಡಬ್ಬದಲ್ಲಿ ಬರುತ್ತದಂತೆ. ಬಂದವರು ಮುಖ ಮುಖ ನೋಡಿಕೊಂಡರು. "ಜಪಾನಿನ ಪದ್ಧತಿ ಹೀಗೇ," ಅಂದೆ.

ಹಬ್ಬಕ್ಕೆ ಬಂದಿದ್ದ ಕೃಷ್ಣಯ್ಯನವರು ಜಪಾನಿನ ಪುಸ್ತಕ ತೆಗೆದು ಒಂದು ಚಿತ್ರ ತೋರಿಸಿದರು. ಎರಡು ಡಬ್ಬ, ನಡುವೆ ಸೋಫಾ, ಅದರ ಮೇಲೆ ಗಂಡ ಹೆಂಡತಿ. "ಅತ್ತಿಗೆ, ಎರಡರ ಮಧ್ಯೆ ಕೂತ್ರೇನೇ ಇದರ ಮಜಾ," ಅಂದರು. ನಾನು ನೋಡಿದೆ. ನಮ್ಮ ಎರಡು ಡಬ್ಬದ ಮಧ್ಯೆ ಇರುವುದು ಗೋಡೆ. ಅಲ್ಲಿ ಕೂರಬೇಕಾದರೆ ಇಟ್ಟಿಗೆಯೊಳಗೆ ಕೂರಬೇಕು. ಜಪಾನಿನವರಿಗೆ ವಾರಗಿತ್ತಿಯರೇ ಇರುವುದಿಲ್ಲವೋ ಏನೋ.

೫ ನವೆಂಬರ್

ನಮ್ಮ ಪಂಕಜನ ಮದುವೆ ಗೊತ್ತಾಯಿತು! ಕೆಂಗೇರಿಯ ಸಂಬಂಧ. ಹುಡುಗ ಬ್ಯಾಂಕಿನಲ್ಲಿದ್ದಾನೆ, ತೋಟವೂ ಇದೆ. ಫೆಬ್ರವರಿ ಹನ್ನೊಂದಕ್ಕೆ, ನಮ್ಮ ಮನೆ ಮುಂದೆಯೇ ಚಪ್ಪರ. ಸ್ಟೀರಿಯೋ ನೋಡಿ ಬೀಗರ ಕಣ್ಣು ಇಷ್ಟಗಲ ಆಯಿತು.

ಹುಡುಗನ ತಾಯಿ ಅಣ್ಣಮ್ಮನನ್ನು ನಾನು ಮೊದಲೇ ಬಲ್ಲೆ. ಕೆಂಗೇರಿ ಕಡೆ ಸೋಬಾನೆಗೆ ಅವಳದೇ ಹೆಸರು. ಹೊರಡುವಾಗ ಎಲೆ ಅಡಿಕೆ ಹಾಕಿಕೊಂಡು ಒಂದು ಮಾತು ಎಸೆದಳು. "ನಮ್ ಕಡೆಯಿಂದ ನಾನು, ನನ್ ತಂಗಿ ಇಬ್ರೂ ಹಾಡ್ತೀವಿ. ನೀವೂ ಮೊದ್ಲು ಜೋಡಿ ಇದ್ರಿ. ಈಗ ಸೊಲ್ಲು ಕೊಡೋರು ಯಾರಾದ್ರೂ ಅವ್ರಾ, ಇಲ್ಲ ಒಬ್ರೇ ಒದ್ದಾಡ್ತೀರಾ?"

ಮೈಯೆಲ್ಲ ಉರಿಯಿತು. ಹೆಣ್ಣನ್ನು ಹಸೆಮಣೆಗೆ ಕೂರಿಸಿದ ಮೇಲೆ ಎರಡೂ ಕಡೆಯವರು ಪದ ಕಟ್ಟಿ ಒಬ್ಬರನ್ನೊಬ್ಬರು ಛೇಡಿಸುವುದು ನಮ್ಮಲ್ಲಿ ರೂಢಿ. ಗಂಡಿನವರು ಎಸೆದ ಪದಕ್ಕೆ ಹೆಣ್ಣಿನವರು ತಿರುಗಿ ಕೊಡದೆ ಕೂತರೆ ಅದು ಊರೆಲ್ಲ ಆಡಿಕೊಳ್ಳುವ ಮಾತಾಗುತ್ತದೆ. ನಾಳೆ ನನ್ನ ಮಗಳು ಆ ಮನೆಯಲ್ಲಿ ಬಾಳಬೇಕು. ಸಾರಿಗೆ ಉಪ್ಪು ಹೆಚ್ಚಾದರೂ "ಬಾಯಿಲ್ಲದ ಮನೆಯಿಂದ ಬಂದವಳು" ಎಂದು ಅವಳನ್ನೇ ಆಡಿಕೊಳ್ಳುತ್ತಾರೆ. ಅದು ಆಗಲು ನಾನು ಬಿಡುವುದಿಲ್ಲ.

ಅವರು ಹೋದ ಮೇಲೆ ಪಂಕಜ ಹತ್ತಿರ ಬಂದು, "ಅಮ್ಮಾ, ನನ್ನ ಮದುವೇಲಿ ಚಿಕ್ಕಮ್ಮ ಹಾಡಲ್ವಾ?" ಎಂದು ಕೇಳಿದಳು.

"ಯಾಕೆ ಹಾಡ್ಬೇಕು? ಸ್ಟೀರಿಯೋ ಹಾಡುತ್ತೆ," ಅಂದೆ.

೧೯ ನವೆಂಬರ್

ಮೆಜೆಸ್ಟಿಕ್ಕಿನಲ್ಲಿ ಅಂಗಡಿ ಅಂಗಡಿ ಅಲೆದು ಸೋಬಾನೆಯ ಪ್ಲೇಟು ತಂದೆವು. ಹೊಚ್ಚ ಹೊಸದು, ಸ್ಟೀರಿಯೋ ಎಂದು ಮೇಲೆ ದೊಡ್ಡದಾಗಿ ಬರೆದಿದೆ. ಕೊಂಡದ್ದು ನಾನು, ಆದ್ದರಿಂದ ಇದು ಪಾಲಿಗೆ ಸೇರಿದ್ದಲ್ಲ. ನಮ್ಮ ಬೀರುವಿನಲ್ಲೇ ಇರುತ್ತದೆ.

ಹಾಕಿ ನೋಡಿದರೆ ಇದರಲ್ಲೂ ಅದೇ ಕಥೆ. ಪದ ಎತ್ತುವವಳು ನಮ್ಮ ಡಬ್ಬದಲ್ಲಿ ಎತ್ತುತ್ತಾಳೆ. ಆಮೇಲೆ ಖಾಲಿ. ಮತ್ತೆ ಎತ್ತುತ್ತಾಳೆ, ಮತ್ತೆ ಖಾಲಿ. ಸೊಲ್ಲೆಲ್ಲ ಆ ಕಡೆಗೆ ಹೋಗುತ್ತಿದೆ. ಚಪ್ಪರದಲ್ಲಿ ಕೂತವರಿಗೆ ಎರಡೂ ಬಾಗಿಲಿನಿಂದ ಕೇಳಿಸುತ್ತದಲ್ಲ, ತೊಂದರೆಯಿಲ್ಲ ಎಂದು ನಮ್ಮವರು ಅಂದರು. ಅವರು ಹಿಟ್ಟು ಬೀಸುವವರಾದರೂ ಒಮ್ಮೊಮ್ಮೆ ತಲೆ ಓಡುತ್ತದೆ.

೨ ಡಿಸೆಂಬರ್

ದಿನವೂ ಅಡುಗೆ ಮಾಡುತ್ತಾ ಅದೇ ಪ್ಲೇಟು ಹಾಕುತ್ತೇನೆ. ಆ ಖಾಲಿ ಜಾಗ ಕಿವಿಗೆ ತಡೆಯಲಾಗುವುದಿಲ್ಲ. ಹಲ್ಲು ಬಿದ್ದ ಜಾಗಕ್ಕೆ ನಾಲಿಗೆ ಹೋಗುತ್ತದಲ್ಲ, ಹಾಗೆ. ಬಾಯಿ ತಾನಾಗಿಯೇ ಸೊಲ್ಲು ಹಿಡಿಯುತ್ತದೆ.

ಒಂದು ವಿಷಯ ಬರೆದಿಡಬೇಕು. ಸೊಲ್ಲು ಕೊಡುವುದು ಸುಲಭವಲ್ಲ! ಎತ್ತುವವಳು ಎಲ್ಲಿ ಬಿಡುತ್ತಾಳೋ ಅಲ್ಲೇ ಹಿಡಿಯಬೇಕು. ಅವಳು ಏರಿಸಿದರೆ ಏರಿಸಬೇಕು, ಎಳೆದರೆ ಎಳೆಯಬೇಕು. ಮುಂದಿನ ಪದ ನೆನಪು ಮಾಡಿಕೊಳ್ಳಲು ಅವಳಿಗೆ ಹೊತ್ತು ಕೊಡಬೇಕು, ತಾನು ಉಸಿರು ತೆಗೆದುಕೊಂಡದ್ದು ಯಾರಿಗೂ ಗೊತ್ತಾಗಬಾರದು. ನನಗೆ ಮೊದಲ ದಿನ ಕೆಮ್ಮೇ ಬಂತು. ಈಗ ಪರವಾಗಿಲ್ಲ. ನಾನು ಮನಸ್ಸು ಮಾಡಿದರೆ ಏನು ತಾನೇ ಬರುವುದಿಲ್ಲ?

ಗೋಡೆಯ ಆಚೆ ಯಾರೋ ಗುನುಗುತ್ತಿದ್ದ ಹಾಗಿತ್ತು. ಬರೀ ಸೊಲ್ಲು ಬರುವ ಡಬ್ಬದ ಮುಂದೆ ಕೂತು ಪದ ಎತ್ತುತ್ತಿದ್ದಾಳೆ! ನಗು ಬಂತು. ಆದರೆ ಎರಡನೇ ಪದ ಎತ್ತಿದ್ದು ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ.

೧೭ ಡಿಸೆಂಬರ್

ಅತ್ತೆಗೆ ಕೆಮ್ಮು. ಆಗದೆ ಏನು? ಹೊರಗೆ ಈ ಪಾಟಿ ಚಳಿ, ಪ್ಲೇಟು ಹಾಕಿದ ಕೂಡಲೇ ಕಂಬಳಿ ಹೊದ್ದು ಜಗಲಿಗೆ ಹೋಗಿ ಕೂರುತ್ತಾರೆ. ಅದೂ ಎರಡು ಬಾಗಿಲಿನ ನಟ್ಟನಡುವೆ, ಕಂಬಕ್ಕೆ ಒರಗಿಕೊಂಡು. ಈ ತಿಂಗಳು ನಮ್ಮ ಪಾಲಿಗೆ ಇದ್ದಾರೆ, ಡಬ್ಬದ ಎದುರಿಗೇ ಮೆತ್ತೆ ಹಾಕಿಕೊಟ್ಟಿದ್ದೇನೆ. ಹೋದ ತಿಂಗಳು ಆ ಕಡೆಯೂ ಹೀಗೇ ಮಾಡಿದರಂತೆ. ಎಳೆದು ಒಳಗೆ ಕೂರಿಸಿದರೆ, ನಾನು ತಿರುಗುವಷ್ಟರಲ್ಲಿ ಮತ್ತೆ ಹೊರಗೆ!

ಇವತ್ತು ನನಗೆ ಸಿಟ್ಟು ನೆತ್ತಿಗೇರಿತು. ಸೌಟು ಹಿಡಿದುಕೊಂಡೇ ಹೋದೆ. "ಏನತ್ತೆ ಇದು, ಜನ ನೋಡಿದ್ರೆ ಸೊಸೆ ಆಚೆಗೆ ಹಾಕಿದಾಳೆ ಅಂತಾರೆ. ಏಳಿ ಮೇಲೆ!"

"ಉಸ್... ಬಾ, ಇಲ್ಲಿ ಕುಂತ್ಕ," ಎಂದು ಕೈ ಹಿಡಿದು ಜಗ್ಗಿದರು. ಕೂತೆ.

ಬಲಗಿವಿಗೆ ನಮ್ಮ ಬಾಗಿಲಿನಿಂದ ಪದ ಬಂತು. ಎಡಗಿವಿಗೆ ಆ ಬಾಗಿಲಿನಿಂದ ಸೊಲ್ಲು ಬಂತು. ಎರಡೂ ಬಂದು ನನ್ನ ಹಣೆಯ ಮುಂದೆ ಸೇರಿಕೊಂಡವು. ಅಯ್ಯೋ ದೇವರೇ, ಎಷ್ಟು ಚೆನ್ನಾಗಿತ್ತು! ಇಷ್ಟು ತಿಂಗಳಿಂದ ಊರಿಗೆಲ್ಲ ಜಂಬ ಕೊಚ್ಚಿದ ನಾನೇ ಇದನ್ನು ಕೇಳಿರಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು. ಒಲೆಯ ಮೇಲೆ ಸಾರು ಉಕ್ಕಿ ಬೆಂಕಿಯೇ ಆರಿಹೋಗಿತ್ತು.

ಅತ್ತೆಗೆ ಇನ್ನೊಂದು ಕಂಬಳಿ ತಂದುಕೊಟ್ಟೆ. ಆ ಕಡೆಯಿಂದ ಶುಂಠಿ ಕಷಾಯದ ಲೋಟ ಮೊದಲೇ ಬಂದಿತ್ತು.

೧ ಜನವರಿ ೧೯೭೯

ಹೊಸ ಡೈರಿ. ಈ ಸಲ ನಾನೇ ಕೇಳಿ ಇಸಿದುಕೊಂಡೆ.

ಬ್ಯಾಲೆನ್ಸಿನ ತಿರುಪನ್ನು ಕೂದಲೆಳೆಯಷ್ಟು ಆ ಕಡೆಗೆ ಸರಿಸಿದ್ದೇನೆ. ಅವಳ ಕಿವಿ ಮೊದಲಿನಿಂದಲೂ ಸ್ವಲ್ಪ ಮಂದ.

೧೬ ಜನವರಿ

ಮದುವೆಯ ಓಡಾಟದಲ್ಲಿ ಬರೆಯಲು ಪುರುಸೊತ್ತಿಲ್ಲ. ಸಂಕ್ರಾಂತಿಗೆ ಎಳ್ಳು ಬೀರಲು ಪಂಕಜನನ್ನು ಆ ಕಡೆಗೂ ಕಳಿಸಿದ್ದೆ. ತಟ್ಟೆ ವಾಪಸು ಬಂದಾಗ ತುಂಬ ಸಕ್ಕರೆ ಅಚ್ಚು ಇತ್ತು. ವೆಂಕಟಲಕ್ಷ್ಮಿಯ ಕೈಯ ಸಕ್ಕರೆ ಅಚ್ಚು ಯಾವತ್ತೂ ಒಡೆಯುವುದಿಲ್ಲ, ಅದನ್ನು ಒಪ್ಪಲೇಬೇಕು.

ಹಾಡಲು ಕರೆದೆನೇ ಎಂದರೆ, ಇಲ್ಲ. ಲಗ್ನಪತ್ರಿಕೆ ಕೊಡಲು ನಮ್ಮವರೇ ಹೋಗಿದ್ದರು. "ನೀನೂ ಬಂದು ಒಂದು ಮಾತು ಹೇಳು," ಅಂದರು. ಎರಡು ಸಲ ಕುಂಕುಮದ ಬಟ್ಟಲು ಹಿಡಿದು ಬಾಗಿಲವರೆಗೆ ಹೋದೆ. ಕಾಲು ಬರಲಿಲ್ಲ. ಅವಳು ಹೊಸಿಲಲ್ಲೇ ನಿಂತು "ಗಿಣಿ ಯಾಕೆ ಬೇಕಾಯ್ತು?" ಅಂದುಬಿಟ್ಟರೆ ನನ್ನ ಮುಖ ಎಲ್ಲಿಡಲಿ?

ತವರಿನಿಂದ ಇಬ್ಬರನ್ನು ಕರೆಸಿ ಸೊಲ್ಲು ಕೊಡಿಸಿ ನೋಡಿದೆ. ಒಬ್ಬಳಿಗೆ ಪದ ಬರುವುದಿಲ್ಲ, ಇನ್ನೊಬ್ಬಳಿಗೆ ನಾಚಿಕೆ ಹೋಗುವುದಿಲ್ಲ. ಹೋಗಲಿ, ಸ್ಟೀರಿಯೋ ಇದೆ. ಅದರ ದನಿಗೆ ಅಣ್ಣಮ್ಮ ಬೆರಗಾಗಿ ಬಾಯಿ ಮುಚ್ಚಿಕೊಳ್ಳಬೇಕು.

೯ ಫೆಬ್ರವರಿ

ಚಪ್ಪರ ಎದ್ದಿತು. ಎರಡು ಬಾಗಿಲಿಗೂ ಸೇರಿ ಒಂದೇ ಚಪ್ಪರ. ಬೇರೆ ಮಾಡಲು ಜಾಗವಿಲ್ಲ. ಸೋಬಾನೆಯ ಪ್ಲೇಟನ್ನು ಮೂರು ಸಲ ತೆಗೆದು ಒರೆಸಿಟ್ಟೆ. ಯಾರಿಗೂ ಹೇಳಿಲ್ಲ.

೧೧ ಫೆಬ್ರವರಿ, ಭಾನುವಾರ

ಆಯಿತು. ನಾಳೆ ಬರೆಯುತ್ತೇನೆ. ಗಂಟಲು ಕಟ್ಟಿದೆ, ಆದರೆ ಏನು ಸಂತೋಷ!

೧೨ ಫೆಬ್ರವರಿ

ಒಂದನ್ನೂ ಬಿಡದೆ ಬರೆಯುತ್ತೇನೆ.

ಬೆಳಿಗ್ಗೆ ಪಂಕಜನನ್ನು ಹಸೆಮಣೆಗೆ ಕರೆತಂದರು. ಮಣೆ ಹಾಕಿದ್ದು ಚಪ್ಪರದ ನಡುವೆ, ಜಗಲಿಯ ಎದುರಿಗೆ. ಅತ್ತೆ ತಮ್ಮ ಕಂಬಕ್ಕೆ ಒರಗಿ ಕೂತಿದ್ದರು. ನಾನು ಮಿಷನ್ನಿಗೆ ಪ್ಲೇಟು ಹಾಕಿ, ಸದ್ದು ಜೋರು ಮಾಡಿ, ಬಂದು ನಮ್ಮ ಬಾಗಿಲಲ್ಲಿ ನಿಂತೆ. ಎರಡೂ ಬಾಗಿಲಿನಿಂದ ಸೋಬಾನೆ ಹೊಮ್ಮಿತು. ಜನರೆಲ್ಲ ಅತ್ತ ಇತ್ತ ಕತ್ತು ತಿರುಗಿಸಿ ನೋಡಿದರು. ನನಗೆ ಭೂಮಿಯ ಮೇಲೆ ಕಾಲು ನಿಲ್ಲಲಿಲ್ಲ.

ಅಣ್ಣಮ್ಮ ಬೆರಗಾದಳೇ? ಎಲ್ಲಿಯ ಬೆರಗು! ಸೊಂಟಕ್ಕೆ ಸೆರಗು ಸಿಕ್ಕಿಸಿ ಎದ್ದು ನಿಂತು, ಪ್ಲೇಟಿಗಿಂತ ಜೋರಾಗಿ ಎತ್ತಿದಳು.

"ಪೆಟ್ಟಿಗೆ ಹಾಡ್ತದೆ ಈ ಬೀಗಿತ್ತಿ ಮನೆಯಾಗೆ
ಗಂಟಲು ಯಾವ ಸಂತೇಲಿ ಮಾರಿದ್ರೋ?"

ಅವಳ ತಂಗಿ ಸೊಲ್ಲು ಕೊಟ್ಟಳು. ಗಂಡಿನ ಕಡೆಯವರೆಲ್ಲ ಗೊಳ್ಳೆಂದು ನಕ್ಕರು. ಇದಕ್ಕೆ ಪ್ಲೇಟು ಏನು ಉತ್ತರ ಕೊಟ್ಟೀತು? ಅದು ತನ್ನ ಪಾಡಿಗೆ ಇನ್ಯಾರದೋ ಮನೆಯ ಮದುಮಗಳನ್ನು ಹೊಗಳುತ್ತಾ ತಿರುಗುತ್ತಿತ್ತು. ಅಣ್ಣಮ್ಮ ಮತ್ತೆ ಅದೇ ಪದ ಹಾಡಿದಳು, ಮತ್ತೆ ನಕ್ಕರು. ನಾನು ಒಳಗೆ ಓಡಿ ಮುಳ್ಳು ಎತ್ತಿ ಪ್ಲೇಟು ನಿಲ್ಲಿಸಿ ಬಂದೆ. ಪಂಕಜ ತಲೆ ಬಗ್ಗಿಸಿಕೊಂಡಿದ್ದಳು.

ಪದ ಎತ್ತಬೇಕು. ಬಾಯಿ ತೆರೆದೆ. ಏನೂ ಬರಲಿಲ್ಲ! ಇಪ್ಪತ್ತು ವರ್ಷ ಪದ ಎತ್ತಿದ ಬಾಯಿ ಇದು. ಮೂರು ತಿಂಗಳಿಂದ ಬರೀ ಖಾಲಿ ಜಾಗ ತುಂಬಿ ತುಂಬಿ, ಯಾರಾದರೂ ಎತ್ತಲಿ ಎಂದು ಕಾಯುತ್ತಾ ನಿಂತುಬಿಟ್ಟಿತು. ಜನ ನನ್ನನ್ನೇ ನೋಡುತ್ತಿದ್ದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಆಗ ಆ ಬಾಗಿಲಿನಿಂದ ವೆಂಕಟಲಕ್ಷ್ಮಿ ಎತ್ತಿದಳು. ಕೈಯಲ್ಲಿ ಆರತಿ ತಟ್ಟೆ ಹಿಡಿದು ಹೊಸಿಲ ಮೇಲೆ ನಿಂತಿದ್ದಳು. ನನ್ನ ಕಡೆ ನೋಡಲೂ ಇಲ್ಲ, ಅಣ್ಣಮ್ಮನನ್ನೇ ನೆಟ್ಟಗೆ ನೋಡಿ ಎತ್ತಿದಳು.

"ಮಾರಿಲ್ಲ ಬೀಗಿತ್ತಿ, ಗಂಟಲ್ಲಿ ಕಟ್ಟಿಟ್ಟು
ಮಗಳ ಮದುವೇಗೆ ಮಡಗಿದ್ವಿ ನಾವು!"

ಎತ್ತಿದಳು ಎಂದರೆ ಎಂಥ ಎತ್ತು! ಚಪ್ಪರದ ಸೋಗೆ ಅಲುಗಬೇಕು. ಅವಳು "ನಾವು" ಎಂದು ಬಿಟ್ಟ ಜಾಗದಲ್ಲೇ ನನ್ನ ಬಾಯಿ ಹಿಡಿದುಕೊಂಡಿತು. "ಮಗಳ ಮದುವೇಗೆ ಮಡಗಿದ್ವಿ ನಾವು..." ಎಳೆಯೂ ತಪ್ಪಲಿಲ್ಲ, ಉಸಿರೂ ತಪ್ಪಲಿಲ್ಲ. ಅವಳು ಒಂದು ಗಳಿಗೆ ಬೆಚ್ಚಿ ನನ್ನ ಕಡೆ ತಿರುಗಿದಳು. ನಾನು ಹುಬ್ಬು ಹಾರಿಸಿದೆ, ಮುಂದಿನದು ಎತ್ತು ಎಂದು. ಎತ್ತಿದಳು ನೋಡಿ! ಅಣ್ಣಮ್ಮನ ಎಲೆ ಅಡಿಕೆಯ ಮೇಲೆ ಒಂದು, ಅವಳ ತಂಗಿಯ ಬುಗುಡಿಯ ಮೇಲೆ ಒಂದು, ಕೆಂಗೇರಿ ಬಸ್ಸಿನ ಮೇಲೆ ಒಂದು. ಇಷ್ಟೆಲ್ಲ ಪದ ಇವಳು ಎಲ್ಲಿ ಬಚ್ಚಿಟ್ಟುಕೊಂಡಿದ್ದಳೋ! ಅವಳು ಆ ಬಾಗಿಲಿನಿಂದ, ನಾನು ಈ ಬಾಗಿಲಿನಿಂದ. ನಡುವೆ ನನ್ನ ಮಗಳು ತಲೆ ಎತ್ತಿ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ನೋಡುತ್ತಾ ನಗುತ್ತಿದ್ದಳು. ಗಂಡಿನ ಕಡೆಯ ಹುಡುಗರೇ ಸಿಳ್ಳೆ ಹಾಕಿದರು. ನನಗೆ ಎಷ್ಟು ಹೆಮ್ಮೆಯಾಯಿತು ಎಂದು ಬರೆಯಲು ಈ ಡೈರಿ ಸಾಲದು. ನಮ್ಮ ವೆಂಕಟಲಕ್ಷ್ಮಿಯ ಥರ ಪದ ಎತ್ತುವವಳು ಈ ಸುತ್ತಿನಲ್ಲೇ ಇಲ್ಲ, ಕೆಂಗೇರಿಯಲ್ಲಂತೂ ಇಲ್ಲವೇ ಇಲ್ಲ.

ಕೊನೆಗೆ ಅಣ್ಣಮ್ಮನೇ ಕೈಮುಗಿದು ನಕ್ಕಳು. "ಸೋತ್ವಿ ಕಣ್ರವ್ವ! ಅಲ್ಲ, ಮೊದ್ಲು ನೀವಲ್ವಾ ಪದ ಎತ್ತುತ್ತಿದ್ದಿದ್ದು? ಈಗ ನೀವು ಹಿಂದಕ್ಕೆ ಹೋದ್ರಾ?"

"ಹಿಂದಕ್ಕಾ?" ಅಂದೆ. "ಸೊಲ್ಲು ಕೊಡೋದು ಎಲ್ರ ಕೈಲೂ ಆಗೋ ಕೆಲ್ಸ ಅಲ್ಲ ಬೀಗಿತ್ತಿ. ಅದು ಕಷ್ಟದ್ದು. ಅದಕ್ಕೇ ನಾನು ಇಟ್ಕೊಂಡೆ."

ಅಲ್ಲೇ ನಿಂತಿದ್ದ ವೆಂಕಟಲಕ್ಷ್ಮಿ ಸೆರಗು ಬಾಯಿಗೆ ಅಡ್ಡ ಹಿಡಿದಳು. ನಕ್ಕಳೋ ಅತ್ತಳೋ ಗೊತ್ತಾಗಲಿಲ್ಲ. "ಅಕ್ಕಾ, ಬನ್ನಿ, ಆರತಿಗೆ ಹೊತ್ತಾಯ್ತು," ಅಂದಳು. ಗೋಡೆ ಎದ್ದ ಮೇಲೆ ಅವಳು ನನಗೆ ಆಡಿದ ಮೊದಲ ಮಾತು. "ಬಂದೆ ಕಣೇ," ಅಂದೆ.

ಬೀಗರು ಹೊರಡುವಾಗ ನಮ್ಮಿಬ್ಬರ ಮಡಿಲಿಗೂ ಸೀರೆ ಹಾಕಿದರು. ಒಂದೇ ಥರದ್ದು. ಹಸಿರಿಗೆ ಕೆಂಪಂಚು, ಒಳ್ಳೆಯ ಸೀರೆ.

೨೫ ಫೆಬ್ರವರಿ

ಪಂಕಜ ಕೆಂಗೇರಿಗೆ ಹೋದ ಮೇಲೆ ಮನೆ ಬಿಕೋ ಅನ್ನುತ್ತದೆ. ಅವಳ ಕಾಗದ ಬಂತು. ಅವರ ಬೀದಿಯವರೆಲ್ಲ "ಇಬ್ಬರು ತಾಯಂದಿರ ಮಗಳು" ಎಂದು ಅವಳನ್ನು ಕರೆಯುತ್ತಾರಂತೆ. ಅದನ್ನು ನಾನು ಗೋಡೆಯ ತೂತಿನ ಹತ್ತಿರ ಸ್ಟೂಲು ಹಾಕಿ ನಿಂತು ಗಟ್ಟಿಯಾಗಿ ಓದಿ ಹೇಳಿದೆ. ವೈರ್ ಇರುವ ತೂತು, ಮಾತೂ ಚೆನ್ನಾಗಿ ಹೋಗುತ್ತದೆ.

ಕೃಷ್ಣಯ್ಯನವರು ಬಂದು, "ಅತ್ತಿಗೆ, ಈಗಲಾದ್ರೂ ಎರಡೂ ಡಬ್ಬ ಒಂದು ಕಡೆ ಇಡ್ತೀರಾ?" ಎಂದು ಕೇಳಿದರು. "ಯಾಕೆ? ಇದ್ದಲ್ಲೇ ಸರಿಯಾಗಿದೆ. ನಡುವೆ ಜಗಲಿ ಇದೆಯಲ್ಲ," ಅಂದೆ. ಜಪಾನಿನವರಿಗೆ ಜಗಲಿ ಗೊತ್ತಿದ್ದರೆ ಅವರೂ ಸೋಫಾದ ಚಿತ್ರ ಹಾಕುತ್ತಿರಲಿಲ್ಲ. ಪ್ಲೇಟು ತರಲು ಈಗ ನಾನೇ ಹೋಗುತ್ತೇನೆ. ಅತ್ತೆಗೆ ಮಂಡಿ ನೋವು. ಹೋದವಳು ಬರುವಷ್ಟರಲ್ಲಿ ಒಂದೊಂದು ದಿನ ಸಂಜೆಯೇ ಆಗಿರುತ್ತದೆ.

ಇವತ್ತು ಮಧ್ಯಾಹ್ನ ಸೋಬಾನೆಯ ಪ್ಲೇಟು ಹಾಕಿ ಅವರೆಕಾಳು ಹಿದುಕುತ್ತಾ ಕೂತಿದ್ದೆ. ಪದ ಬರುತ್ತಿತ್ತು, ನಾನು ಸೊಲ್ಲು ಕೊಡುತ್ತಿದ್ದೆ. ಎಷ್ಟು ಹೊತ್ತು ಹಾಗೆ ಹಾಡಿದೆನೋ. ಕಾಳು ಮುಗಿದು ಎದ್ದು ನೋಡಿದರೆ ಮಿಷನ್ನಿನ ತಟ್ಟೆ ತಿರುಗುತ್ತಲೇ ಇಲ್ಲ! ಪ್ಲೇಟು ಯಾವಾಗಲೋ ಮುಗಿದು, ಮುಳ್ಳು ತನ್ನ ಜಾಗಕ್ಕೆ ಹೋಗಿ ಮಲಗಿದೆ. ಪದ ಮಾತ್ರ ಗೋಡೆಯ ಆಚೆಯಿಂದ ಬರುತ್ತಲೇ ಇದೆ.

ನಾನು ನಿಲ್ಲಿಸಿದ್ದಕ್ಕೆ ಅವಳೂ ನಿಲ್ಲಿಸಿದಳು. ಜಗಲಿಯಿಂದ ಅತ್ತೆ ಕೂಗಿದರು. "ಯಾಕ್ರೇ ನಿಲ್ಸಿದ್ರಿ? ಯಾವ ಪ್ಲೇಟೇ ಅದು, ವಸಾದಾ? ಬಲೇ ಚೆಂದಾಗೈತೆ. ಇನ್ನೊಂದ್ ಕಿತ ಹಾಕು. ಜಪಾನ್‌ದಾ?"

"ಜಪಾನಿನದಲ್ಲ ಅತ್ತೆ," ಎಂದು ಗಟ್ಟಿಯಾಗಿ, ಆ ಕಡೆಗೂ ಕೇಳಿಸುವ ಹಾಗೆ ಹೇಳಿದೆ. "ನಮ್ಮ ಮನೇದು."